‘ಯೂರಿನ್ ನಾರ್ಮಲ್’ ಎಂದು ಬರೆದುಕೊಟ್ಟವಳ ಪತ್ರ: ರಾಜ್ಯದ ಆರೋಗ್ಯ ಇಲಾಖೆಗೆ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ನಿಮ್ಮದೇ ಇಲಾಖೆಯಲ್ಲಿ 33 ವರ್ಷ ಲ್ಯಾಬ್ ಟೆಕ್ನಿಶಿಯನ್ ಆಗಿ ದುಡಿದು 2021ರಲ್ಲಿ ನಿವೃತ್ತಳಾದವಳು. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮತ್ತು ಅದನ್ನು ಹುಡುಕುವ ಮೂತ್ರ ಪರೀಕ್ಷೆಗಳ ಬಗ್ಗೆ ಬರೆಯುತ್ತಿದ್ದೇನೆ. ಮಲೆನಾಡಿನ ಸೆರಗಿನಲ್ಲಿರುವ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನನ್ನ ಹೆಚ್ಚಿನ ಸರ್ವಿಸ್ ಕಳೆಯಿತು. ಅಷ್ಟು ವರ್ಷಗಳಲ್ಲಿ ನನ್ನ ಕೈ ದಾಟಿ ಹೋದ ಮೂತ್ರದ ಬಾಟಲಿಗಳಿಗೆ ಲೆಕ್ಕವಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ಲ್ಯಾಂಪಿನ ಮೇಲೆ ಕಾಯಿಸುತ್ತಿದ್ದೆವು. ನೀಲಿ ಬಣ್ಣ ಹಸಿರಾಯಿತೋ, ಹಳದಿಯಾಯಿತೋ, ಇಟ್ಟಿಗೆಗೆಂಪಾಯಿತೋ ಎಂದು ನೋಡಿ ಸಕ್ಕರೆಯ ಅಂದಾಜು ಬರೆಯುತ್ತಿದ್ದೆವು. ಆಮೇಲೆ ಸ್ಟ್ರಿಪ್ ಬಂತು, ಅದನ್ನು ಓದುವ ಯಂತ್ರವೂ ಬಂತು. ಗಂಡಸರು ಬಾಟಲಿ ಕೊಡುವ ರೀತಿ ಮಾತ್ರ ಬದಲಾಗಲಿಲ್ಲ. ಕರ್ಚೀಫಿನಲ್ಲಿ ಸುತ್ತಿ, ಇಲ್ಲವೇ ಪೇಪರಿನ ತುಂಡಿನಲ್ಲಿ ಮುಚ್ಚಿ ತಂದು, ಮೇಜಿನ ಮೂಲೆಯಲ್ಲಿಟ್ಟು, ನನ್ನ ಮುಖ ನೋಡದೆ ಹೋಗುತ್ತಿದ್ದರು.

ಹಾಗೆ ಬಾಟಲಿ ತಂದವರಲ್ಲಿ ನನ್ನ ಸ್ವಂತ ಅಣ್ಣನೂ ಒಬ್ಬ.

2016ರ ಮಾತು. ಅವನಿಗೆ ಆಗ 63 ವರ್ಷ. ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ, ಬಂದರೂ ಸರಾಗವಾಗಿ ಹೋಗುವುದಿಲ್ಲ ಎಂದು ಅತ್ತಿಗೆ ಹೇಳಿದ್ದಳು. ತಂಗಿಯ ಹತ್ತಿರ ಅದನ್ನು ಹೇಳಿಕೊಳ್ಳಲು ಅವನಿಗೆ ನಾಚಿಕೆ. ನಾನೇ ಒತ್ತಾಯ ಮಾಡಿ ಕರೆಸಿದೆ. ಸ್ಯಾಂಪಲ್ ತೆಗೆದುಕೊಂಡೆ, ಸೆಂಟ್ರಿಫ್ಯೂಜಿಗೆ ಹಾಕಿ ತಿರುಗಿಸಿದೆ, ತಳದಲ್ಲಿ ಕೂತದ್ದನ್ನು ಸ್ಲೈಡಿಗೆ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಸಕ್ಕರೆ ಇಲ್ಲ, ಆಲ್ಬುಮಿನ್ ಇಲ್ಲ, ಪಸ್ ಸೆಲ್ (ಕೀವಿನ ಕಣ) ಎರಡೋ ಮೂರೋ. ರಿಪೋರ್ಟ್ ಕೈಗೆ ಕೊಟ್ಟು, “ಯೂರಿನ್ ಪೂರ್ತಿ ನಾರ್ಮಲ್ ಐತೆ ಅಣ್ಣ, ಏನೂ ಯೋಚ್ನೆ ಮಾಡ್ಬೇಡ” ಅಂದೆ. “ವಯಸ್ಸಾಯ್ತಲ್ಲ ಕಣವ್ವ, ಇದೆಲ್ಲ ಇದ್ದದ್ದೇ” ಅಂತ ಅವನು ಸಮಾಧಾನದಿಂದ ಎದ್ದು ಹೋದ. ಆ ಚೀಟಿಯನ್ನು ಅವನು ಬಹಳ ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದನಂತೆ. ಯಾರು ಕೇಳಿದರೂ, ನಮ್ಮ ತಂಗಿಯೇ ಟೆಸ್ಟ್ ಮಾಡಿದ್ದಾಳೆ, ಎಲ್ಲ ಸರಿ ಇದೆ ಎನ್ನುತ್ತಿದ್ದನಂತೆ.

ಮರುವರ್ಷ ಸೊಂಟನೋವು ಶುರುವಾಯಿತು. ತೋಟದಲ್ಲಿ ಬಗ್ಗಿ ಕೆಲಸ ಮಾಡಿದ್ದಕ್ಕೆ ಎಂದುಕೊಂಡ. ಎಣ್ಣೆ ತಿಕ್ಕಿಸಿದ, ಪಟ್ಟು ಹಾಕಿಸಿದ, ಒಬ್ಬರ ಹತ್ತಿರ ಇಂಜೆಕ್ಷನ್, ಇನ್ನೊಬ್ಬರ ಹತ್ತಿರ ಬೆಲ್ಟು. ಎಂಟು ತಿಂಗಳು ಹೀಗೇ ಹೋಯಿತು. ಕಾಲು ಜೋಮು ಹಿಡಿಯತೊಡಗಿದ ಮೇಲೆ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಮೊದಲ ಸಲ ಪಿಎಸ್‌ಎ ರಕ್ತಪರೀಕ್ಷೆ ಮಾಡಿದರು. ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆ ಅದು. ಸಾಮಾನ್ಯವಾಗಿ 4ಕ್ಕಿಂತ ಕಡಿಮೆ ಇರಬೇಕಾದ ಸಂಖ್ಯೆ 412 ಬಂದಿತ್ತು. ಮೂಳೆಯ ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಉದ್ದಕ್ಕೂ, ಪಕ್ಕೆಲುಬುಗಳಲ್ಲಿ, ಸೊಂಟದ ಮೂಳೆಯಲ್ಲಿ ಕಪ್ಪು ಚುಕ್ಕೆಗಳು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಆ ಹಂತದಲ್ಲಿ ಮಾಡುವುದು ಗಂಡುಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆ. ತಿಂಗಳು ತಿಂಗಳು ಇಂಜೆಕ್ಷನ್ ತೆಗೆದುಕೊಳ್ಳುವಷ್ಟು ದುಡ್ಡಿಲ್ಲದವರಿಗೆ ಒಂದೇ ಸಲಕ್ಕೆ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ. ಅಣ್ಣ ಎರಡನೆಯದಕ್ಕೆ ಸಹಿ ಹಾಕಿದ. ಸಹಿ ಹಾಕುವಾಗ ನನ್ನನ್ನು ಹೊರಗೆ ಹೋಗು ಎಂದ. 2019ರಲ್ಲಿ ತೀರಿಕೊಂಡ.

ಇದನ್ನು ಯಾರ ಮೇಲೂ ದೂರು ಹೇಳಲು ಬರೆಯುತ್ತಿಲ್ಲ. ನಾನು ಕೊಟ್ಟ ರಿಪೋರ್ಟಿನಲ್ಲಿ ತಪ್ಪಿರಲಿಲ್ಲ. ಅವನ ಮೂತ್ರ ನಿಜಕ್ಕೂ ನಾರ್ಮಲ್ ಇತ್ತು. ನಮ್ಮ ಆಸ್ಪತ್ರೆಗಳಲ್ಲಿ ಮಾಡುವ ಮಾಮೂಲಿ ಯೂರಿನ್ ಟೆಸ್ಟು ಸಕ್ಕರೆಕಾಯಿಲೆ, ಕಿಡ್ನಿ ತೊಂದರೆ, ಸೋಂಕುಗಳ ಸುಳಿವು ಕೊಡುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಬಗ್ಗೆ ಅದು ಹೇಳಲಾರದು. ಈ ಸಂಗತಿ ನನಗೆ ಗೊತ್ತಿರಬೇಕಿತ್ತು. ಗೊತ್ತಿದ್ದರೂ ಅಣ್ಣನಿಗೆ ಹೇಳಲಿಲ್ಲ. ಹಳ್ಳಿಯಿಂದ ಬರುವ ಪ್ರತಿಯೊಬ್ಬ ಹಿರಿಯ ಗಂಡಸು ಇವತ್ತಿಗೂ ‘ಯೂರಿನ್ ನಾರ್ಮಲ್’ ಎಂಬ ಎರಡು ಪದಗಳನ್ನು ‘ಕೆಳಗೆ ಎಲ್ಲ ಸರಿ ಇದೆ’ ಎಂದೇ ಓದಿಕೊಳ್ಳುತ್ತಾನೆ. ಅದಕ್ಕೇ ಈ ಪತ್ರ.

ಇನ್ನೊಂದು ಕಾರಣವೂ ಇದೆ. ‘ಮೂತ್ರ ಪರೀಕ್ಷೆಯಿಂದಲೇ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆ’ ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ಓಡಾಡುತ್ತದೆ. ನನ್ನ ಹಳೆಯ ಕೆಲಸ ಗೊತ್ತಿದ್ದವರು, “ಅಕ್ಕ, ಇದು ನಿಜವಾ? ಎಲ್ಲಿ ಮಾಡ್ತಾರೆ?” ಎಂದು ಕೇಳುತ್ತಾರೆ. ನಿಜ. ಆದರೆ ಅವರು ಅಂದುಕೊಂಡ ಅರ್ಥದಲ್ಲಿ ನಿಜವಲ್ಲ. ಆ ವ್ಯತ್ಯಾಸ ತಿಳಿಯದಿದ್ದರೆ ನನ್ನ ಅಣ್ಣನ ಜೇಬಿನಲ್ಲಿದ್ದ ಚೀಟಿಯಂಥದ್ದೇ ಇನ್ನೊಂದು ಚೀಟಿ, ಈ ಸಲ ದುಬಾರಿ ಬೆಲೆಯದ್ದು, ಜನರ ಜೇಬಿಗೆ ಸೇರುತ್ತದೆ.

ಪ್ರಾಸ್ಟೇಟ್ ಎಂಬುದು ಗಂಡಸರಿಗೆ ಮಾತ್ರ ಇರುವ, ಸಿಪ್ಪೆ ಸಮೇತದ ಅಡಿಕೆಯಷ್ಟು ಗಾತ್ರದ ಗ್ರಂಥಿ. ಮೂತ್ರಕೋಶದ ಬಾಯಿಯ ಕೆಳಗೆ ಕೂತಿದೆ. ಮೂತ್ರನಾಳ ಅದರ ನಡುವೆ ತೂರಿಕೊಂಡೇ ಹೊರಗೆ ಬರುತ್ತದೆ. ವಯಸ್ಸಾದಂತೆ ಈ ಗ್ರಂಥಿಯ ಒಳಭಾಗ ಊದಿಕೊಂಡು ನಾಳವನ್ನು ಅದುಮುತ್ತದೆ. ರಾತ್ರಿ ಏಳುವುದು, ತೊಟ್ಟಿಕ್ಕುವುದು, ಮೂತ್ರಕಟ್ಟು ಇವೆಲ್ಲ ಬಹುಪಾಲು ಇದರಿಂದಲೇ. ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರ ಅಂಚಿನಲ್ಲಿ. ಅಲ್ಲಿ ಅದು ನಾಳವನ್ನು ಮುಟ್ಟುವುದಿಲ್ಲ, ನೋಯುವುದೂ ಇಲ್ಲ. ಆರಂಭದ ಹಂತದಲ್ಲಿ ಅದಕ್ಕೆ ಲಕ್ಷಣವೇ ಇರುವುದಿಲ್ಲ ಎಂದರೂ ಸರಿಯೇ. ನನ್ನ ಅಣ್ಣನ ರಾತ್ರಿಯ ತೊಂದರೆ ಬರಿಯ ಊತದ್ದಾಗಿದ್ದು, ಕ್ಯಾನ್ಸರ್ ಅದರ ಪಕ್ಕದಲ್ಲೇ ಸದ್ದಿಲ್ಲದೆ ಬೆಳೆದಿದ್ದಿರಬಹುದು.

ನಾಳ ಗ್ರಂಥಿಯ ಒಳಗೇ ಹಾದುಹೋಗುವುದರಿಂದ ಗ್ರಂಥಿಯಿಂದ ಉದುರಿದ ಜೀವಕೋಶಗಳು, ಕೋಶಗಳು ಹೊರಗೆ ಚೆಲ್ಲುವ ಅತಿ ಸಣ್ಣ ಗುಳ್ಳೆಗಳು ಮೂತ್ರದ ಮೊದಲ ಧಾರೆಯಲ್ಲಿ ಬೆರೆತು ಬರುತ್ತವೆ. ಹೊಸ ಪರೀಕ್ಷೆಗಳ ಮೂಲ ಇದೇ. 1999ರಲ್ಲಿ ನೆದರ್ಲೆಂಡ್ಸಿನ ನೈಮೇಖನ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಪಿಸಿಎ3 ಎಂಬ ವಂಶವಾಹಿಯನ್ನು ವರದಿ ಮಾಡಿದರು. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳಲ್ಲಿ ಇದರ ಆರ್‌ಎನ್‌ಎ (ಕೋಶ ತೆಗೆಯುವ ವಂಶವಾಹಿಯ ನಕಲು) ಸಾಮಾನ್ಯ ಕೋಶಗಳಿಗಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಮೂತ್ರದಲ್ಲಿ ಈ ಆರ್‌ಎನ್‌ಎಯನ್ನು ಅಳೆದು, ಅದೇ ಮೂತ್ರದಲ್ಲಿರುವ ಪಿಎಸ್‌ಎಯ ಆರ್‌ಎನ್‌ಎಯಿಂದ ಭಾಗಿಸಿ ಅಂಕ ಕೊಡುತ್ತಾರೆ. ಯಾಕೆ ಭಾಗಿಸಬೇಕು ಎಂದರೆ, ಒಬ್ಬರ ಬಾಟಲಿಯಲ್ಲಿ ಪ್ರಾಸ್ಟೇಟ್ ಕೋಶಗಳು ಹೆಚ್ಚು ಬಂದಿರುತ್ತವೆ, ಇನ್ನೊಬ್ಬರದರಲ್ಲಿ ಕಡಿಮೆ. ಹಾಗೆ ಸರಿದೂಗಿಸದಿದ್ದರೆ ಅಂಕಕ್ಕೆ ಅರ್ಥವೇ ಇರುವುದಿಲ್ಲ. ಲ್ಯಾಬಿನಲ್ಲಿ ಬದುಕು ಕಳೆದವಳಿಗೆ ಈ ಲೆಕ್ಕಾಚಾರ ಓದಿದಾಗ ಕೈಮುಗಿಯಬೇಕು ಅನ್ನಿಸಿತು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ‘ಪ್ರೊಜೆನ್ಸಾ ಪಿಸಿಎ3’ ಎಂಬ ಹೆಸರಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಯಾರಿಗೆ ಒಪ್ಪಿಗೆ ಕೊಟ್ಟಿತು ಎಂಬುದನ್ನು ದಯವಿಟ್ಟು ಗಮನಿಸಬೇಕು. ಆರೋಗ್ಯವಾಗಿ ಓಡಾಡಿಕೊಂಡಿರುವ ಗಂಡಸರಿಗೆಲ್ಲ ಅಲ್ಲ. 50 ದಾಟಿದ, ಒಮ್ಮೆ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿಸಿಕೊಂಡು ಕ್ಯಾನ್ಸರ್ ಇಲ್ಲವೆಂದು ಬಂದ, ಆದರೂ ಸಂಶಯ ಉಳಿದ ಗಂಡಸರಿಗೆ, ಮತ್ತೊಮ್ಮೆ ಸೂಜಿ ಚುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸಲು ನೆರವಾಗುವುದಕ್ಕೆ. ಆಮೇಲೆ ಬಂದ ಪರೀಕ್ಷೆಗಳೂ ಹೆಚ್ಚುಕಡಿಮೆ ಇದೇ ಜಾಗದಲ್ಲಿ ನಿಂತಿವೆ. ಎಚ್‌ಒಎಕ್ಸ್‌ಸಿ6, ಡಿಎಲ್‌ಎಕ್ಸ್1 ಎಂಬ ಎರಡು ವಂಶವಾಹಿಗಳನ್ನು ನೋಡುವ ಸೆಲೆಕ್ಟ್‌ಎಂಡಿಎಕ್ಸ್, ಮೂತ್ರದ ಗುಳ್ಳೆಗಳಲ್ಲಿ ಮೂರು ಆರ್‌ಎನ್‌ಎಗಳನ್ನು ಹುಡುಕುವ ಎಕ್ಸೋಡಿಎಕ್ಸ್, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮೈಪ್ರಾಸ್ಟೇಟ್‌ಸ್ಕೋರ್, ಇವೆಲ್ಲ ರಕ್ತದ ಪಿಎಸ್‌ಎ ಪರೀಕ್ಷೆ ಮತ್ತು ಬಯಾಪ್ಸಿಯ ನಡುವಿನ ಮೆಟ್ಟಿಲುಗಳು.

ಆ ನಡುವಿನ ಮೆಟ್ಟಿಲು ಎಷ್ಟು ಅಗತ್ಯ ಎಂಬುದನ್ನು ಪಕ್ಕದ ಬೀದಿಯ ಹಿರಿಯರೊಬ್ಬರಿಂದ ತಿಳಿದೆ. ನಿವೃತ್ತ ಬಸ್ ಕಂಡಕ್ಟರ್, 66 ವರ್ಷ. ಮಗ ಅಕ್ಕರೆಯಿಂದ ‘ಫುಲ್ ಬಾಡಿ ಚೆಕಪ್’ ಮಾಡಿಸಿದ. ಆ ಪ್ಯಾಕೇಜಿನೊಳಗೆ ಪಿಎಸ್‌ಎ ಸೇರಿತ್ತು. ಅದು ಏನನ್ನು ಹುಡುಕುವ ಟೆಸ್ಟು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. 6.2 ಬಂತು. ಬಯಾಪ್ಸಿ ಮಾಡಿದರು. ಗುದದ್ವಾರದ ಮೂಲಕ ಸ್ಕ್ಯಾನಿಂಗ್ ಕಡ್ಡಿ ಇಟ್ಟು ಗ್ರಂಥಿಯ ಹನ್ನೆರಡು ಕಡೆ ಸೂಜಿ ಹಾಯಿಸಿ ಚೂರು ತೆಗೆಯುವ ವಿಧಾನ ಅದು. ಮೂರನೆಯ ದಿನ ನಡುಕ ಹತ್ತಿಸಿಕೊಂಡು ಜ್ವರ ಬಂತು. ಸೋಂಕು ರಕ್ತಕ್ಕೇರಿ ಆರು ದಿನ ಐಸಿಯುನಲ್ಲಿದ್ದರು. ರಿಪೋರ್ಟ್ ಬಂದಾಗ ಕ್ಯಾನ್ಸರ್ ಇರಲಿಲ್ಲ, ಬರೀ ಊತ. ಮರುವರ್ಷ ಪಿಎಸ್‌ಎ 6.9. ಮತ್ತೆ ಬಯಾಪ್ಸಿ ಎಂದರು. “ಸಾಯೋದಾದ್ರೆ ಮನೇಲೇ ಸಾಯ್ತೀನಿ ಕಣಮ್ಮ, ಆ ಸೂಜಿ ಮಾತ್ರ ಬೇಡ” ಎಂದು ನನ್ನೆದುರೇ ಕೈಮುಗಿದರು. ಅವರು ಈಗ ಪರೀಕ್ಷೆಯನ್ನೂ ಮಾಡಿಸುತ್ತಿಲ್ಲ, ನೆಮ್ಮದಿಯಾಗಿ ನಿದ್ದೆಯನ್ನೂ ಮಾಡುತ್ತಿಲ್ಲ. 2012ರಲ್ಲಿ ಒಪ್ಪಿಗೆ ಪಡೆದ ಆ ಮೂತ್ರ ಪರೀಕ್ಷೆ ಇಂಥವರಿಗೆಂದೇ ಬಂದದ್ದು.

ಪಿಎಸ್‌ಎ ಕೆಟ್ಟ ಪರೀಕ್ಷೆ ಎಂದು ನಾನು ಹೇಳುತ್ತಿಲ್ಲ. ತೊಂದರೆ ಪ್ರಾಸ್ಟೇಟಿನದು ಎಂದು ಅದು ಹೇಳುತ್ತದೆ, ಕ್ಯಾನ್ಸರಿನದು ಎಂದು ಹೇಳುವುದಿಲ್ಲ, ಅಷ್ಟೇ. ಊತಕ್ಕೂ ಏರುತ್ತದೆ, ಸೋಂಕಿಗೂ ಏರುತ್ತದೆ, ಮೂತ್ರಕ್ಕೆ ಪೈಪ್ ಹಾಕಿದ್ದರೂ ಏರುತ್ತದೆ. 4ರಿಂದ 10ರ ನಡುವೆ ಬಂದವರಿಗೆ ಬಯಾಪ್ಸಿ ಮಾಡಿದರೆ ನಾಲ್ವರಲ್ಲಿ ಸುಮಾರು ಮೂವರಿಗೆ ಕ್ಯಾನ್ಸರ್ ಸಿಗುವುದಿಲ್ಲ. ಇತ್ತ 4ಕ್ಕಿಂತ ಕಡಿಮೆ ಇದ್ದವರೆಲ್ಲ ಕ್ಷೇಮ ಎಂದೂ ಹೇಳುವ ಹಾಗಿಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಅಂಥವರಲ್ಲೂ 100ಕ್ಕೆ 15 ಮಂದಿಗೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡಿತ್ತು. ಊತಕ್ಕೆ ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನು ಹಲವು ತಿಂಗಳು ನುಂಗಿದವರಲ್ಲಿ ಪಿಎಸ್‌ಎ ಅರ್ಧಕ್ಕಿಳಿಯುತ್ತದೆ. 3 ಬಂದರೆ ಅದನ್ನು 6 ಎಂದು ಓದಬೇಕು. ರಕ್ತ ಕೊಡುವಾಗ ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳದ ಲ್ಯಾಬಿನಿಂದ ಬಂದ ರಿಪೋರ್ಟು ಸುಳ್ಳು ಧೈರ್ಯ ಕೊಡುತ್ತದೆ.

ಮೂತ್ರ ಪರೀಕ್ಷೆ ಈ ಗೊಂದಲವನ್ನು ಪೂರ್ತಿ ಬಿಡಿಸದಿದ್ದರೂ ಬಹಳಷ್ಟು ತಿಳಿ ಮಾಡುತ್ತದೆ. 2016ರಲ್ಲಿ ಪ್ರಕಟವಾದ ಎಕ್ಸೋಡಿಎಕ್ಸ್ ಅಧ್ಯಯನದ ಪ್ರಕಾರ ಕಾಲುಭಾಗಕ್ಕೂ ಹೆಚ್ಚು ಬಯಾಪ್ಸಿಗಳನ್ನು ಕೈಬಿಡಬಹುದಿತ್ತು. 2024ರಲ್ಲಿ ಮಿಷಿಗನ್ ತಂಡ 18 ವಂಶವಾಹಿಗಳನ್ನು ನೋಡುವ ಹೊಸ ಆವೃತ್ತಿಯ ಫಲಿತಾಂಶ ಪ್ರಕಟಿಸಿತು. ಚಿಕಿತ್ಸೆ ಬೇಕಾದಂಥ ಕ್ಯಾನ್ಸರುಗಳಲ್ಲಿ 100ಕ್ಕೆ 95ನ್ನು ಹಿಡಿಯುವ ಮಟ್ಟ ಇಟ್ಟುಕೊಂಡರೂ 35ರಿಂದ 42 ಪ್ರತಿಶತದಷ್ಟು ಅನಗತ್ಯ ಬಯಾಪ್ಸಿ ತಪ್ಪುತ್ತಿತ್ತು ಎಂದಿತು. ‘ಚಿಕಿತ್ಸೆ ಬೇಕಾದಂಥ’ ಎಂಬ ಮಾತಿಗೆ ಒತ್ತು ಕೊಡುತ್ತಿದ್ದೇನೆ. ಈ ಗ್ರಂಥಿಯಲ್ಲಿ ಹುಟ್ಟುವ ಎಷ್ಟೋ ಗೆಡ್ಡೆಗಳು ಬಹಳ ನಿಧಾನದವು. ಮನುಷ್ಯ ಬೇರೇನೋ ಆಗಿ ತೀರಿಕೊಳ್ಳುವ ತನಕ ಸುಮ್ಮನೆ ಕೂತಿರುತ್ತವೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ ರೋಗಿಗಳನ್ನು 15 ವರ್ಷ ಹಿಂಬಾಲಿಸಿದರು. ಆಪರೇಷನ್ ಆದವರು, ರೇಡಿಯೇಷನ್ ಪಡೆದವರು, ಬರೀ ನಿಗಾದಲ್ಲಿ ಇದ್ದವರು, ಮೂರೂ ಗುಂಪು ಸೇರಿ ಆ ಕ್ಯಾನ್ಸರಿನಿಂದ ಸತ್ತವರು 100ಕ್ಕೆ ಮೂವರಿಗಿಂತ ಕಡಿಮೆ. ಹಾಗಿರುವಾಗ ನಿಧಾನದ ಗೆಡ್ಡೆಯನ್ನು ಹುಡುಕಿ ತೆಗೆದು, ಆ ಮನುಷ್ಯನಿಗೆ ಮೂತ್ರ ತಡೆಯಲಾಗದ ಸ್ಥಿತಿ, ದಾಂಪತ್ಯದ ತೊಂದರೆ ತಂದಿಟ್ಟರೆ ಅದು ಉಪಕಾರವಾಗದು. ಆಕ್ರಮಣಕಾರಿ ಗೆಡ್ಡೆ ಮತ್ತು ನಿಧಾನದ ಗೆಡ್ಡೆಯನ್ನು ಬೇರ್ಪಡಿಸಲು ಹೊರಟಿರುವುದೇ ಹೊಸ ಮೂತ್ರ ಪರೀಕ್ಷೆಗಳ ನಿಜವಾದ ಬೆಲೆ.

ನಮ್ಮ ಊರುಗಳಿಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ವೈದ್ಯರು ಅಷ್ಟಾಗಿ ಹೇಳುವುದಿಲ್ಲ, ಟೆಕ್ನಿಶಿಯನ್ ಹೇಳಬಲ್ಲಳು. ಪಿಸಿಎ3 ಪರೀಕ್ಷೆಗೆ ಮೊದಲು ವೈದ್ಯರು ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿಯನ್ನು ಒತ್ತಿ, ಆಮೇಲೆ ಬರುವ ಮೊದಲ ಧಾರೆಯನ್ನು ಹಿಡಿಯಬೇಕಿತ್ತು. ನಮ್ಮ ಹಿರಿಯರು ಆ ಬೆರಳಿಗೆ ಹೆದರಿಯೇ ಯೂರಾಲಜಿ ವಿಭಾಗದ ಬಾಗಿಲಿನಿಂದ ಹಿಂದಿರುಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಎಕ್ಸೋಡಿಎಕ್ಸ್‌ನಂಥ ಪರೀಕ್ಷೆಗೆ ಅದು ಬೇಡ. ಬಾಟಲಿ ಹಿಡಿದು ಮನೆಯ ಬಚ್ಚಲಿಗೆ ಹೋಗಿ ಬಂದರೆ ಸಾಕು. ಕರ್ಚೀಫಿನಲ್ಲಿ ಸುತ್ತಿಕೊಂಡು ತಂದರೂ ನಡೆಯುತ್ತದೆ. ನಾಚಿಕೆಯನ್ನು ನಾವು ಭಾಷಣದಿಂದ ಕಳೆಯಲಾರೆವು. ನಾಚಿಕೆ ಇಟ್ಟುಕೊಂಡೇ ಮಾಡಿಸಿಕೊಳ್ಳಬಹುದಾದ ಪರೀಕ್ಷೆ ಕೊಟ್ಟರೆ ಅವರು ಬರುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಒಪ್ಪಿಕೊಳ್ಳಬೇಕಾದ ಸತ್ಯ ಒಂದಿದೆ. ಈ ಪರೀಕ್ಷೆ 2016ರಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದ್ದಿದ್ದರೂ ನನ್ನ ಅಣ್ಣನ ಸರದಿ ಬರುತ್ತಿರಲಿಲ್ಲ. ಎರಡನೆಯ ಬಾಗಿಲಿಗೆ ಹೋಗಲು ಮೊದಲನೆಯದು ತೆರೆದಿರಬೇಕು. ಅವನಿಗೆ ಒಂದು ರಕ್ತಪರೀಕ್ಷೆಯನ್ನು ಯಾರೂ ಸೂಚಿಸಿರಲಿಲ್ಲ. ಆಗ ಸಿಕ್ಕಿದ್ದರೆ ಉಳಿಯುತ್ತಿದ್ದ ಎಂದು ಹೇಳುವ ಧೈರ್ಯ ನನಗಿಲ್ಲ. ಬೆನ್ನುಮೂಳೆ ಮುರಿಯುವ ತನಕ ಕಾಯಬೇಕಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ಯುರೋಪಿನ ಎಂಟು ದೇಶಗಳಲ್ಲಿ 1,60,000ಕ್ಕೂ ಹೆಚ್ಚು ಗಂಡಸರನ್ನು 23 ವರ್ಷ ಹಿಂಬಾಲಿಸಿದ ದೊಡ್ಡ ಅಧ್ಯಯನದ ಫಲಿತಾಂಶ 2025ರಲ್ಲಿ ಹೊರಬಂತು. ಪಿಎಸ್‌ಎ ತಪಾಸಣೆಗೆ ಕರೆಸಿಕೊಂಡ 456 ಮಂದಿಗೆ ಒಂದರಂತೆ ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ತಪ್ಪಿತ್ತು. ಕಡಿಮೆ ಎನ್ನಿಸಬಹುದು. ಆ 456ರಲ್ಲಿ ಒಬ್ಬ ಯಾರದೋ ಅಣ್ಣ. ಅದೇ ಅಧ್ಯಯನ ಒಂದು ಸಾವು ತಪ್ಪಿಸಲು 12 ಮಂದಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ರೋಗಿ ಎಂಬ ಹಣೆಪಟ್ಟಿ ಬಿತ್ತು ಎಂದೂ ಹೇಳುತ್ತದೆ. ಲಾಭವನ್ನು ಉಳಿಸಿಕೊಂಡು ಆ 12ನ್ನು ಇಳಿಸುವುದು ಹೇಗೆ ಎಂಬುದೇ ಇವತ್ತಿನ ಪ್ರಶ್ನೆ. ಎಂಆರ್‌ಐ ಸ್ಕ್ಯಾನ್ ಒಂದು ಉತ್ತರ, ಮೂತ್ರ ಪರೀಕ್ಷೆ ಇನ್ನೊಂದು. ಎಂಆರ್‌ಐಗೆ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋಗಬೇಕು, ಅದನ್ನು ಓದಬಲ್ಲ ರೇಡಿಯಾಲಜಿಸ್ಟ್ ಬೇಕು. ಮೂತ್ರ ಮಾತ್ರ ಬಸ್ಸಿನಲ್ಲಿ ಹೋಗಬಲ್ಲದು.

ಇದು ಬಡವರ, ಹಳ್ಳಿಯವರ ಅಜ್ಞಾನದ ಕಾಯಿಲೆ ಎಂದು ಯಾರೂ ಭಾವಿಸಬಾರದು. 2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಎಂಬ ಸುದ್ದಿ ಬಂತು. ಅವರ ಕೊನೆಯ ಪಿಎಸ್‌ಎ ಪರೀಕ್ಷೆ 2014ರಲ್ಲಿ ಆಗಿತ್ತು ಎಂದು ಅವರ ಕಚೇರಿ ತಿಳಿಸಿತು. 70 ದಾಟಿದವರಿಗೆ ತಪಾಸಣೆ ಬೇಡ ಎಂಬುದು ಅಲ್ಲಿನ ಶಿಫಾರಸು. ಅದಕ್ಕೆ ಕಾರಣಗಳೂ ಇವೆ. ಆದರೂ ಆ ಸುದ್ದಿ ಓದಿದ ದಿನ ಅಣ್ಣನ ಮೂಳೆಯ ಸ್ಕ್ಯಾನು ಕಣ್ಣಿಗೆ ಕಟ್ಟಿತು.

ಇನ್ನು ನಮ್ಮ ರಾಜ್ಯಕ್ಕೆ ಬರುತ್ತೇನೆ. ಜಾಗತಿಕ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 38,000 ಹೊಸ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಕರಣಗಳು. 2020ರಲ್ಲಿ ಜಗತ್ತಿನಲ್ಲಿ 14 ಲಕ್ಷ ಹೊಸ ಪ್ರಕರಣ ಇದ್ದದ್ದು 2040ರ ಹೊತ್ತಿಗೆ ವರ್ಷಕ್ಕೆ 29 ಲಕ್ಷ ಮುಟ್ಟುತ್ತದೆ ಎಂದು ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ಆಯೋಗ 2024ರಲ್ಲಿ ಎಚ್ಚರಿಸಿದೆ. ಏರಿಕೆ ಹೆಚ್ಚು ಆಗುವುದು ನಮ್ಮಂಥ ದೇಶಗಳಲ್ಲೇ ಎಂದಿದೆ, ಏಕೆಂದರೆ ನಮ್ಮ ಜನ ಈಗ ಹೆಚ್ಚು ವರ್ಷ ಬದುಕುತ್ತಿದ್ದಾರೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ ದೇಶದ ಅತ್ಯಂತ ಹಳೆಯ ನೋಂದಣಿಗಳಲ್ಲಿ ಒಂದು. ಕಿದ್ವಾಯಿ ಸಂಸ್ಥೆಗೆ ಐದು ದಶಕಗಳ ಅನುಭವವಿದೆ. ದೇಶದ ಕ್ಯಾನ್ಸರ್ ಅಂಕಿಅಂಶಗಳನ್ನು ಕಲೆಹಾಕುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕೇಂದ್ರವೂ ಬೆಂಗಳೂರಿನಲ್ಲೇ ಇದೆ. ಇದಕ್ಕಿಂತ ಅನುಕೂಲದ ರಾಜ್ಯ ಬೇಕೆ?

ಅನುಕೂಲ ಇದೆ ಎಂದ ಮಾತ್ರಕ್ಕೆ ಹೊರದೇಶದ ಕಿಟ್ ತಂದು ನಾಳೆಯೇ ಹಂಚಿ ಎಂದು ನಾನು ಕೇಳುವುದಿಲ್ಲ. ಹಾಗೆ ಮಾಡಬೇಡಿ ಎಂದೇ ಬೇಡುತ್ತೇನೆ. ಅಲ್ಲಿ ಒಂದು ಪರೀಕ್ಷೆಗೆ ನೂರಾರು ಡಾಲರ್. ಅದಕ್ಕಿಂತ ದೊಡ್ಡ ಕಾರಣವೆಂದರೆ ಅವನ್ನು ಒರೆಗೆ ಹಚ್ಚಿದ್ದು ಹೆಚ್ಚಾಗಿ ಅಮೆರಿಕ, ಯುರೋಪಿನ ಬಿಳಿಯ ಗಂಡಸರ ಮೂತ್ರದ ಮೇಲೆ. 2005ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನೈಯನ್, ಸ್ಕಾಟ್ ಟಾಮ್ಲಿನ್ಸ್ ಮತ್ತು ಸಂಗಡಿಗರು ಕಂಡುಹಿಡಿದ ಟಿಎಂಪಿಆರ್‌ಎಸ್‌ಎಸ್2–ಇಆರ್‌ಜಿ ಎಂಬ, ಎರಡು ವಂಶವಾಹಿಗಳು ಅಂಟಿಕೊಂಡ ಬೆಸುಗೆ ಅಲ್ಲಿ ಸುಮಾರು ಅರ್ಧದಷ್ಟು ಗೆಡ್ಡೆಗಳಲ್ಲಿ ಕಾಣುತ್ತದೆ. ಚೀನಾ, ಜಪಾನಿನ ರೋಗಿಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಐಐಟಿ ಕಾನ್ಪುರದ ಬುಷ್ರಾ ಅತೀಕ್ ಅವರ ತಂಡ ನಮ್ಮ ದೇಶದ ಗೆಡ್ಡೆಗಳಲ್ಲಿ ಇಂಥ ಬದಲಾವಣೆಗಳನ್ನು ಹುಡುಕುತ್ತ ಬಂದಿದೆ. ಗೆಡ್ಡೆಯ ಗುಣ ಜನಾಂಗದಿಂದ ಜನಾಂಗಕ್ಕೆ ಬದಲಾಗುವಾಗ ಅಲ್ಲಿನ ಅಂಕದ ಗೆರೆಯನ್ನು ಇಲ್ಲಿ ಹಾಗೇ ಎಳೆಯಲಾಗದು. ಅವಸರಕ್ಕೆ ಇನ್ನೊಂದು ಪಾಠವೂ ಇದೆ. 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೂತ್ರದ ಸಾರ್ಕೋಸಿನ್ ಎಂಬ ಪದಾರ್ಥ ಪ್ರಾಸ್ಟೇಟ್ ಕ್ಯಾನ್ಸರಿನ ಗುರುತು ಎಂಬ ವರದಿ ಬಂದು ಜಗತ್ತೆಲ್ಲ ಸುದ್ದಿಯಾಯಿತು. ಆಮೇಲೆ ಬೇರೆಬೇರೆ ಲ್ಯಾಬುಗಳು ಪರೀಕ್ಷಿಸಿದಾಗ ಆ ಗುರುತು ನಿಲ್ಲಲಿಲ್ಲ.

ಹಾಗಾಗಿ ನಾನು ಕೇಳುವುದು ನಮ್ಮ ಗಂಡಸರ ಮೇಲೆ, ನಮ್ಮ ಲ್ಯಾಬುಗಳಲ್ಲಿ ನಡೆಯುವ ಪ್ರಾಮಾಣಿಕ ಒರೆಪರೀಕ್ಷೆ. ಇದಕ್ಕೆ ಯಾರನ್ನೂ ಹೊಸದಾಗಿ ಚುಚ್ಚಬೇಕಾಗಿಲ್ಲ. ಕಿದ್ವಾಯಿಗೆ, ಸರ್ಕಾರಿ ಮೆಡಿಕಲ್ ಕಾಲೇಜುಗಳಿಗೆ ಹೇಗೂ ಬಯಾಪ್ಸಿಗೆಂದು ಬರುವ ಪ್ರತಿಯೊಬ್ಬರಿಂದ, ಸೂಜಿಗೆ ಮೊದಲು, ಅವರ ಒಪ್ಪಿಗೆ ಪಡೆದು 20 ಮಿಲಿಲೀಟರ್ ಮೂತ್ರ ಹಿಡಿದಿಡಿ. ಬಯಾಪ್ಸಿಯ ಫಲಿತಾಂಶ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೀದರಿನವರು, ಕೊಡಗಿನವರು, ಕರಾವಳಿಯವರು ಎಲ್ಲರೂ ಆ ಬಾಟಲಿಗಳಲ್ಲಿ ಇರಲಿ. ಕೆಲವು ವರ್ಷಗಳಲ್ಲಿ ನಮ್ಮ ಜನಕ್ಕೆ ಹೊಂದುವ ಗೆರೆ ಎಲ್ಲಿದೆ ಎಂಬುದು ತಿಳಿಯುತ್ತದೆ.

ಯಂತ್ರ ಎಲ್ಲಿದೆ ಎಂದು ಕೇಳಬೇಡಿ. ನಿಮ್ಮಲ್ಲೇ ಇದೆ. ಈ ಪರೀಕ್ಷೆಗಳಲ್ಲಿ ಹಲವು ನಡೆಯುವುದು ಆರ್‌ಟಿ-ಪಿಸಿಆರ್ ವಿಧಾನದಲ್ಲಿ. ಕೋವಿಡ್ ಬಂದ ಹೊಸತರಲ್ಲಿ ರಾಜ್ಯದಲ್ಲಿ ಬೆರಳೆಣಿಕೆಯ ಲ್ಯಾಬುಗಳಿದ್ದವು. ನೋಡನೋಡುತ್ತ ಜಿಲ್ಲೆಜಿಲ್ಲೆಗೂ ಕಟ್ಟಿಸಿದಿರಿ. ಸರ್ವಿಸಿನ ಕೊನೆಯ ವರ್ಷ ನನ್ನನ್ನೂ ಅಲ್ಲಿಗೆ ಡೆಪ್ಯುಟೇಷನ್ ಮೇಲೆ ಹಾಕಿದ್ದರು. ಗಂಟಲ ದ್ರವದ ಟ್ಯೂಬುಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಹಳ್ಳಿಯಿಂದ ಜಿಲ್ಲೆಗೆ ಸಾಗಿಸಿದ್ದೇವೆ, ಆರ್‌ಎನ್‌ಎ ಬೇರ್ಪಡಿಸಿದ್ದೇವೆ, ರಾತ್ರಿಯೆಲ್ಲ ಎದ್ದು ರೀಡಿಂಗ್ ನೋಡಿದ್ದೇವೆ. ಮೂತ್ರದ ಆರ್‌ಎನ್‌ಎ ಇನ್ನೂ ನಾಜೂಕು, ಬೇಗ ಕೆಡುತ್ತದೆ. ಸಂರಕ್ಷಕ ದ್ರಾವಣ ಹಾಕಿದ ಟ್ಯೂಬು ಬೇಕು, ತಂಪು ತಪ್ಪಬಾರದು. ಅದೂ ನಮ್ಮ ಹುಡುಗ ಹುಡುಗಿಯರಿಗೆ ಗೊತ್ತಿರುವ ಶಿಸ್ತೇ. ಆ ಯಂತ್ರಗಳ ಮೇಲೆ ಈಗ ಹೊದಿಕೆ ಹೊದಿಸಿಟ್ಟಿರುವುದನ್ನು ಕಂಡರೆ ಸಂಕಟವಾಗುತ್ತದೆ.

ಆ ಅಧ್ಯಯನ ಮುಗಿಯುವ ತನಕ ಕೈಕಟ್ಟಿ ಕೂರಬೇಕಿಲ್ಲ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೆ ಹೋಗಿ ಬಿಪಿ, ಶುಗರ್ ನೋಡುತ್ತಿದ್ದೀರಿ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿನ ಬಗ್ಗೆ ವಿಚಾರಿಸುತ್ತಿದ್ದೀರಿ. ಅದೇ ಫಾರಂನಲ್ಲಿ ಇನ್ನೊಂದು ಸಾಲು ಸೇರಿಸಿ: ‘ತಂದೆಗೆ, ಅಣ್ಣತಮ್ಮಂದಿರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತೇ?’ ಹಾಗೆ ಆಗಿದ್ದವರ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು. ನಮ್ಮ ಅಣ್ಣನ ಇಬ್ಬರು ಗಂಡುಮಕ್ಕಳಿಗೆ 40 ದಾಟಿದೆ. ಅವರನ್ನು ಈ ಪ್ರಶ್ನೆ ಇದುವರೆಗೆ ಯಾರೂ ಕೇಳಿಲ್ಲ. ಮನೆತನದಲ್ಲಿ ಇದ್ದವರಿಗೆ 45ರಿಂದ, ಉಳಿದವರಿಗೆ 50ರಿಂದ, ಪಿಎಸ್‌ಎ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಕನ್ನಡದಲ್ಲಿ ತಿಳಿಸಿ, ಬೇಕೆಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಮಾಡಿ. ಹೆಚ್ಚು ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿ, ಆಮೇಲಷ್ಟೇ ಮುಂದಿನ ಮಾತು.

ಹೆಂಗಸರಾದ ನಾವು ಗರ್ಭಕಂಠದ ಪರೀಕ್ಷೆಗೆ ಬರಲು ಎಷ್ಟು ಹಿಂಜರಿದಿದ್ದೆವು ಎಂಬುದು ನಿಮಗೆ ಗೊತ್ತು. ಆಶಾ ಕಾರ್ಯಕರ್ತೆಯರು ಜಗಲಿಯಲ್ಲಿ ಕೂತು, ಅಡುಗೆಮನೆಗೆ ಬಂದು, ವರ್ಷಗಟ್ಟಲೆ ಮಾತಾಡಿಸಿ ಕರೆತಂದರು. ಗಂಡಸರ ಹತ್ತಿರ ಹಾಗೆ ಕೂತು ಮಾತಾಡುವವರು ಯಾರಿದ್ದಾರೆ? ಒಬ್ಬ ಗಂಡು ಆರೋಗ್ಯ ಸಹಾಯಕ ಡೇರಿಯ ಮುಂದೆ ಹಾಲು ಹಾಕಲು ನಿಂತವರ ನಡುವೆ, ಅರಳಿಕಟ್ಟೆಯಲ್ಲಿ, ಸಂತೆಯ ದಿನ ಹೋಟೆಲಿನಲ್ಲಿ ಈ ಮಾತು ತೆಗೆದರೆ ಸಾಕು, ಉಳಿದದ್ದನ್ನು ಅವರವರೇ ಮಾತಾಡಿಕೊಳ್ಳುತ್ತಾರೆ.

ಖಾಸಗಿ ಲ್ಯಾಬುಗಳ ಜಾಹೀರಾತಿನ ಮೇಲೂ ಕಣ್ಣಿಡಿ. ಯಾವುದೇ ಮೂತ್ರ ಪರೀಕ್ಷೆ ಪಿಎಸ್‌ಎಗೆ ಬದಲಿ, ಬಯಾಪ್ಸಿಗೆ ಬದಲಿ ಎಂದು ಮಾರುವುದನ್ನು ತಡೆಯಿರಿ. ಅದು ಯಾರಿಗೆ, ಯಾವ ಹಂತದಲ್ಲಿ, ಎಷ್ಟು ಮಂದಿಯಲ್ಲಿ ತಪ್ಪಬಹುದು ಎಂಬುದನ್ನು ಕನ್ನಡದಲ್ಲಿ ಬರೆದುಕೊಡುವುದು ಕಡ್ಡಾಯವಾಗಲಿ.

ಕೊನೆಯದಾಗಿ, ಒಂದು ರೂಪಾಯಿಯೂ ಖರ್ಚಾಗದ ಕೋರಿಕೆ. ಸರ್ಕಾರಿ ಆಸ್ಪತ್ರೆಗಳ ಯೂರಿನ್ ರಿಪೋರ್ಟ್ ಚೀಟಿಯ ಕೆಳಗೆ ಖಾಲಿ ಜಾಗ ಇರುತ್ತದೆ. ಮುಂದಿನ ಸಲ ಅಚ್ಚು ಹಾಕಿಸುವಾಗ ಅಲ್ಲಿ ಒಂದು ವಾಕ್ಯ ಸೇರಿಸಿ: ‘ಈ ಪರೀಕ್ಷೆಯಿಂದ ಪ್ರಾಸ್ಟೇಟ್ ಕ್ಯಾನ್ಸರ್ ತಿಳಿಯುವುದಿಲ್ಲ. 50 ದಾಟಿದ ಗಂಡಸರು ವೈದ್ಯರನ್ನು ಕೇಳಿ.’ ಓದಲು ಬಾರದವರಿಗೆ ಟೆಕ್ನಿಶಿಯನ್ ಅದನ್ನು ಓದಿ ಹೇಳಲಿ.

ಮಾದರಿ ಹಿಡಿಯುವುದು, ಟ್ಯೂಬಿಗೆ ತುಂಬುವುದು, ತಂಪಿನಲ್ಲಿ ಸಾಗಿಸುವುದನ್ನು ಹೊಸಬರಿಗೆ ಕಲಿಸಲು ಜನ ಬೇಕಾದರೆ ನಾನಿದ್ದೇನೆ. ನನ್ನ ಜೊತೆ ನಿವೃತ್ತರಾದ ಇನ್ನೂ ಮೂವರು ಬರಲು ಒಪ್ಪಿದ್ದಾರೆ. ಸಂಬಳ ಬೇಡ, ಬಸ್ ಚಾರ್ಜ್ ಕೊಟ್ಟರೆ ಸಾಕು. ಯಾವ ಜಿಲ್ಲೆಗೆ, ಯಾವ ದಿನ ಎಂದು ತಿಳಿಸಿ.

ಇಂತಿ ನಮಸ್ಕಾರಗಳೊಂದಿಗೆ,

ನಿವೃತ್ತ ಹಿರಿಯ ಪ್ರಯೋಗಶಾಲಾ ತಂತ್ರಜ್ಞೆ